ಗಾಯಗೊಂಡ ಮೃಗದ ಋಣ

ಯುಗಾದಿಯ ಬೇವುಬೆಲ್ಲವನ್ನು ಹಂಚಿ ಮುಗಿಸಿ ಹದಿನೈದು ದಿನಗಳಾದುವು. ಹೊಂಗೆಯ ಮರಗಳು ಹೊಸ ಚಿಗುರು ಹೊತ್ತು ನಿಂತಿವೆ. ಚಿಂತಾಮಣಿಯ ಕಡೆಯ ಮಾವಿನ ತೋಪುಗಳಲ್ಲಿ ಕಾಯಿ ಬಲಿಯುತ್ತಲಿದೆ. ಈ ಋತುವಿನಲ್ಲಿ ನಮ್ಮ ಪುಟಕ್ಕೆ ಸಾಮಾನ್ಯವಾಗಿ ಬರುವ ಪತ್ರಗಳು ಹಪ್ಪಳ ಸಂಡಿಗೆಗಳನ್ನೋ ಮಕ್ಕಳ ಬೇಸಗೆಯ ರಜೆಯನ್ನೋ ಮದುವೆಯ ಖರ್ಚುವೆಚ್ಚಗಳನ್ನೋ ಕುರಿತವಾಗಿರುವುವು. ಆದರೆ ಶಿವರಾತ್ರಿ ಕಳೆದ ನಾಲ್ಕನೆಯ ದಿನ ಶಿಡ್ಲಘಟ್ಟದ ಕಡೆಯ ಒಬ್ಬ ಸೋದರಿಯಿಂದ ನಮಗೆ ಬಂದ ಕಾಗದವು ಬೇರೆಯ ಬಗೆಯದು. ಅದನ್ನು ಓದಿದ ಮೇಲೆ ಆ ದಿನದ ಉಳಿದ ಕೆಲಸಗಳಲ್ಲಿ ನಮಗೆ ಮನಸ್ಸು ನಿಲ್ಲಲಿಲ್ಲ. ಅವರ ಹೆಸರನ್ನೂ ಊರನ್ನೂ ಇಲ್ಲಿ ಹೇಳುವುದಿಲ್ಲ. ವಿಷಯವನ್ನು ಮಾತ್ರ ಅವರ ಅಪ್ಪಣೆ ಪಡೆದೇ ಓದುಗರ ಮುಂದೆ ಇಡುತ್ತಿದ್ದೇವೆ.

ಪತ್ರದ ಸಾರಾಂಶವಿದು. ಅವರದು ರೇಷ್ಮೆ ಬೆಳೆಯುವ ಮನೆತನ. ಹುಳುಗಳು ನಾಲ್ಕನೆಯ ಜ್ವರದಿಂದ ಎದ್ದಿರುವುದರಿಂದ ಹಗಲೂ ಇರುಳೂ ಸೊಪ್ಪು ಹಾಕುವ ಕೆಲಸ. ಅದರ ನಡುವೆಯೇ ಕುಳಿತು ಬರೆದಿದ್ದರು. ಹಿಪ್ಪುನೇರಳೆಯ ತೋಟವಲ್ಲದೆ ಬೆಟ್ಟದ ಬುಡದಲ್ಲಿ ಅವರಿಗೆ ಎರಡು ಎಕರೆ ಹೊಲವುಂಟು. ಕೊಳವೆಬಾವಿಯ ನೀರಿನಿಂದ ಅಲ್ಲಿ ಮುಸುಕಿನ ಜೋಳವನ್ನು ಬೆಳೆದಿದ್ದರು. ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಕಾಲುಭಾಗವನ್ನು ಉರುಳಿಸಿ ಹೋದುವು. ಬೇಸತ್ತ ಮೈದುನನು ಬೇಲಿಯ ಸಂದುಗಳಲ್ಲಿ ತಂತಿಯ ಉರುಲುಗಳನ್ನು ಕಟ್ಟಿದನು. ಮೂರನೆಯ ರಾತ್ರಿ ಉರುಲಿಗೆ ಬಿದ್ದುದು ಹಂದಿಯಲ್ಲ, ಕರಡಿ. ಅದು ಬೆಳಗಿನ ಜಾವದವರೆಗೆ ಅರಚಿ, ಗೂಟವನ್ನು ಕಿತ್ತು, ತಂತಿಯನ್ನು ಕಾಲಿಗೆ ಬಿಗಿದುಕೊಂಡೇ ಬಂಡೆಗಳ ಕಡೆಗೆ ಹೋಯಿತು. ನೆಲದ ಮೇಲೆ ರಕ್ತವಿದ್ದಿತು. ದೊಡ್ಡ ಹೆಜ್ಜೆಯ ಪಕ್ಕದಲ್ಲಿ ಅಂಗೈಯಗಲದ ಪುಟ್ಟ ಹೆಜ್ಜೆಗಳೂ ಇದ್ದುವೆಂದು ಆಕೆ ಬರೆದಿದ್ದರು.

"ಹೋಯಿತಲ್ಲ, ಹೋಗಲಿ ಬಿಡಿ. ಯಾರ ಮುಂದೆಯೂ ಬಾಯಿ ಬಿಡಬೇಡಿ ಅತ್ತಿಗೆ" ಎಂದು ಮೈದುನನು ಕೈಮುಗಿದನಂತೆ. ಯಜಮಾನರು "ಇದು ಹೆಂಗಸರು ಕೈಹಾಕುವ ವಿಷಯವಲ್ಲ" ಎಂದು ಮಾತು ಮುಗಿಸಿದರಂತೆ. ಆದರೆ ಆ ಬಂಡೆಗಳ ದಾರಿಯಲ್ಲಿಯೇ ಊರಿನ ಹೆಣ್ಣುಮಕ್ಕಳು ಸೌದೆಗೆ ಹೋಗುತ್ತಾರೆ, ಕುರಿಯ ಹುಡುಗರು ಹೋಗುತ್ತಾರೆ. "ನಾನು ಸುಮ್ಮನಿದ್ದರೆ ಯಾರಿಗೋ ಕೇಡು, ಹೇಳಿದರೆ ನನ್ನ ಮನೆಗೇ ಕೇಡು. ನನ್ನ ಧರ್ಮ ಯಾವುದು? ದಯವಿಟ್ಟು ತಿಳಿಸಿ" ಎಂದು ಪತ್ರವನ್ನು ಮುಗಿಸಿದ್ದರು.

ಕಾಗದದ ಕೊನೆಯಲ್ಲಿ ದೂರವಾಣಿಯ ಸಂಖ್ಯೆ ಇದ್ದಿತು. ಇಂತಹ ಪ್ರಶ್ನೆಯು ಮುಂದಿನ ಸಂಚಿಕೆಯ ತನಕ ಕಾಯತಕ್ಕುದಲ್ಲವಾದುದರಿಂದ ಅಂದು ಸಂಜೆಯೇ ಅವರೊಡನೆ ಮಾತನಾಡಿದೆವು. ಏನು ಹೇಳಿದೆವು, ಏನು ನಡೆಯಿತು ಎಂಬುದನ್ನು ಕೊನೆಯಲ್ಲಿ ಹೇಳುವೆವು. ಆ ಸಲಹೆಯನ್ನು ಏಕೆ ಕೊಟ್ಟೆವೆಂಬುದನ್ನು ಮೊದಲು ವಿಚಾರಿಸೋಣ.

ಬೇಟೆಯು ನಮ್ಮ ನಾಡಿಗೆ ಹೊಸದಲ್ಲ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆಂದು, ಬಲೆ ಬಡಿಗೆ ನಾಯಿಗಳೊಡನೆ ಊರಿಗೆ ಊರೇ ಗುಡ್ಡ ಹತ್ತುತ್ತಿದ್ದ ಕಾಲವನ್ನು ಕಂಡ ಹಿರಿಯರು ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಸಾವಿರ ವರ್ಷಗಳಿಗೂ ಹಿಂದಿನ ಆತಕೂರಿನ ಶಾಸನವನ್ನು ನೋಡಿ. ಕ್ರಿ. ಶ. ೯೪೯-೫೦ರ ಸುಮಾರಿನ ಆ ಕಲ್ಲು ಇಂದಿನ ಮಂಡ್ಯ ಜಿಲ್ಲೆಯದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನು, ಒಡೆಯನು ಮೆಚ್ಚಿ ಬೇಡೆಂದಾಗ, ಹೊನ್ನನ್ನಾಗಲಿ ಭೂಮಿಯನ್ನಾಗಲಿ ಬೇಡದೆ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯು ಒಂದು ಮಹಾ ಹಂದಿಯೊಡನೆ ಹೋರಾಡಿ, ಎರಡೂ ಒಟ್ಟಿಗೆ ಸತ್ತುವು. ನಾಯಿಯ ನೆನಪಿಗೆ ಕಲ್ಲನ್ನು ನೆಡಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟುಕೊಟ್ಟರು. ಬೇಟೆಯಾಡುತ್ತಿದ್ದ ಆ ಜನರು, ಬೇಟೆಯಲ್ಲಿ ಬಿದ್ದ ಪ್ರಾಣವನ್ನು ಲೆಕ್ಕಕ್ಕೆ ಬಾರದ್ದೆಂದು ತಿಳಿದಿರಲಿಲ್ಲ. ಅದರ ಹಿಂದೆ ತಮ್ಮ ಮೇಲೊಂದು ಋಣ ನಿಲ್ಲುವುದೆಂದು ಅರಿತಿದ್ದರು.

ಪುರಾಣಗಳೂ ಇದನ್ನೇ ಹೇಳುತ್ತವೆ. ದಶರಥನು ಕತ್ತಲಲ್ಲಿ ಶಬ್ದವನ್ನು ಕೇಳಿ, ಆನೆಯೆಂದು ಭ್ರಮಿಸಿ ಬಾಣ ಬಿಟ್ಟನು. ಕಾಣದೆ ಹೊಡೆದುದು ಅವನ ತಪ್ಪು. ಆದರೆ ಬಾಣವು ತಾಗಿದ ಕಡೆಗೆ ಅವನು ಹೋದನು. ಬಿದ್ದಿದ್ದ ಬಾಲಕನನ್ನು ಕಂಡನು. ಕುರುಡರಾದ ತಂದೆತಾಯಿಗಳ ಬಳಿಗೆ ತಾನೇ ನೀರನ್ನು ಹೊತ್ತುಕೊಂಡು ಹೋಗಿ, ತಾನು ಮಾಡಿದುದನ್ನು ಒಪ್ಪಿಕೊಂಡು, ಶಾಪವನ್ನು ತಲೆಬಾಗಿ ಹೊತ್ತನು. ಕತ್ತಲೆಯಿದ್ದಿತು, ಕಂಡವರಾರೂ ಇರಲಿಲ್ಲ. ಕುದುರೆಯನ್ನೇರಿ ಅರಮನೆಗೆ ಹಿಂದಿರುಗಿದ್ದರೆ ಕೇಳುವವರಿರಲಿಲ್ಲ. ಹಾಗೆ ಹಿಂದಿರುಗಲಿಲ್ಲವೆಂಬುದೇ ಆ ಕಥೆಯಲ್ಲಿ ರಾಜನಿಗೆ ಉಳಿದ ಮಾನ. ಪಾಂಡುರಾಜನ ಕಥೆಯಲ್ಲಿ ಜಿಂಕೆಯ ರೂಪದಲ್ಲಿದ್ದ ಕಿಂದಮ ಋಷಿಯು ದೊರೆಯನ್ನು ಶಪಿಸಿದುದು ಬೇಟೆಯಾಡಿದನೆಂಬ ಕಾರಣಕ್ಕಲ್ಲ. ಕೂಡಿದ್ದ ಸಮಯದಲ್ಲಿ ಹೊಡೆದನೆಂಬ ಕಾರಣಕ್ಕೆ. ಬೇಟೆಗೂ ಹೊತ್ತುಗೊತ್ತುಗಳಿವೆ, ಹೊಡೆದ ಮೇಲೆ ಕರ್ತವ್ಯವಿದೆ ಎಂಬ ಎರಡು ನಿಯಮಗಳೂ ಹೀಗೆ ನಮ್ಮ ಮಕ್ಕಳು ಕೇಳುವ ಕಥೆಗಳಲ್ಲಿಯೇ ಇವೆ.

ಈಗ ಕರಡಿಯ ವಿಷಯಕ್ಕೆ ಬರೋಣ. ಚಿಂತಾಮಣಿ, ಗೌರಿಬಿದನೂರು, ಬಾಗೇಪಲ್ಲಿಯ ಕಡೆ ಅನೇಕರ ಮನೆಮಾತು ತೆಲುಗು; ಅವರು ಇದನ್ನು ಎಲುಗುಬಂಟಿ ಎನ್ನುವರು. ಹೆಬ್ಬಂಡೆಗಳ ಗುಡ್ಡ, ಕುರುಚಲು ಕಾಡು, ಗವಿಗಳು ಇವು ಅದಕ್ಕೆ ಪ್ರಿಯವಾದ ನೆಲೆ. ಹಿಮದ ನಾಡಿನ ಕರಡಿಗಳಂತೆ ಇದು ಚಳಿಗಾಲವೆಲ್ಲ ಮಲಗಿ ಕಳೆಯುವುದಿಲ್ಲ. ಇದರ ಮುಖ್ಯ ಆಹಾರ ಗೆದ್ದಲು ಮತ್ತು ಇರುವೆ. ಮೇಲಿನ ದವಡೆಯ ಮುಂದಿನ ಎರಡು ಹಲ್ಲುಗಳು ಇದಕ್ಕಿಲ್ಲ. ಆ ಸಂದಿನಿಂದಲೇ ಹುತ್ತದೊಳಗಿನ ಗೆದ್ದಲನ್ನು ಹೀರಿ ತೆಗೆಯುತ್ತದೆ. ಜೇನು, ಅತ್ತಿ, ನೇರಳೆ, ಎಲಚಿ, ಕಕ್ಕೆಕಾಯಿಗಳೆಂದರೆ ಇದಕ್ಕೆ ಬಲು ಇಷ್ಟ. ಮೂಗು ಬಹಳ ಚುರುಕು, ಕಣ್ಣು ಮಂದ. ಆದಕಾರಣವೇ ಹತ್ತಿರಕ್ಕೆ ಬರುವ ತನಕ ಮನುಷ್ಯನನ್ನು ಕಾಣದೆ, ಹಠಾತ್ತಾಗಿ ಕಂಡು ಬೆದರಿ ಮೇಲೆ ಬೀಳುತ್ತದೆ. ಕೇಡು ಬಗೆದು ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ.

ಹೆಣ್ಣು ಕರಡಿಯು ಚಳಿಗಾಲದಲ್ಲಿ ಗವಿಯೊಳಗೆ ಸಾಮಾನ್ಯವಾಗಿ ಒಂದು ಅಥವಾ ಎರಡು ಮರಿಗಳನ್ನು ಹಾಕುತ್ತದೆ. ಎರಡು ಮೂರು ತಿಂಗಳುಗಳಾದ ಮೇಲೆ ಮರಿಗಳು ತಾಯಿಯ ಬೆನ್ನಿನ ಉದ್ದ ಕೂದಲನ್ನು ಹಿಡಿದು ಸವಾರಿಮಾಡುತ್ತ ಹೊರಕ್ಕೆ ಬರುವುವು. ಮರಿಯನ್ನು ಹೀಗೆ ಬೆನ್ನ ಮೇಲೆ ಹೊತ್ತು ಸಾಕುವುದು ಕರಡಿಗಳ ಜಾತಿಯಲ್ಲಿ ನಮ್ಮ ಕರಡಿಯ ವಿಶೇಷ. ಎರಡು ವರ್ಷಕ್ಕೂ ಮೀರಿ ಮರಿಯು ತಾಯಿಯನ್ನು ಬಿಟ್ಟಗಲುವುದಿಲ್ಲ. ಆದುದರಿಂದ ಶಿವರಾತ್ರಿಯಿಂದ ಯುಗಾದಿಯವರೆಗಿನ ಈ ದಿನಗಳಲ್ಲಿ ಒಂದು ಹೆಣ್ಣು ಕರಡಿ ಬಿದ್ದರೆ ಹೋಗುವುದು ಒಂದು ಪ್ರಾಣವಲ್ಲ. ಪತ್ರದಲ್ಲಿ ಹೇಳಿದ್ದ ಪುಟ್ಟ ಹೆಜ್ಜೆಗಳ ಅರ್ಥವು ನಮ್ಮನ್ನು ಕಾಡಿದುದು ಇದರಿಂದಲೇ.

ತಾಯಿಯನ್ನು ಕಳೆದುಕೊಂಡ ಮರಿಗಳ ಗತಿಯೇನಾಗುತ್ತಿತ್ತೆಂಬುದನ್ನು ನಮ್ಮ ಹಿರಿಯ ಓದುಗರು ತಾವು ಅರಿಯದೆಯೇ ಕಂಡಿರುವರು. ನಾವು ಚಿಕ್ಕವರಾಗಿದ್ದಾಗ ಕಲಂದರರು ಡಮರು ಬಾರಿಸುತ್ತ ಕರಡಿಯನ್ನು ಬೀದಿಗೆ ತರುತ್ತಿದ್ದರು. ಅಂಜುವ ಮಗುವಿನ ಅಂಜಿಕೆ ಹೋಗಲೆಂದು ಅದರ ಬೆನ್ನ ಮೇಲೆ ಕೂಡಿಸುತ್ತಿದ್ದರು; ಕೂದಲನ್ನು ತಾಯಿತದಲ್ಲಿಟ್ಟು ಕಟ್ಟುತ್ತಿದ್ದರು. ನಮ್ಮನ್ನೂ ಹಾಗೆ ಕೂಡಿಸಿದ್ದುಂಟು. ಆ ಕರಡಿಯ ಮೂಗನ್ನು ಕಾಯಿಸಿದ ಕಬ್ಬಿಣದಿಂದ ಚುಚ್ಚಿ ಹಗ್ಗ ಪೋಣಿಸಿದ್ದರೆಂಬುದೂ, ಅದರ ತಾಯಿಯನ್ನು ಕೊಂದು ಗವಿಯಿಂದ ಅದನ್ನು ಎತ್ತಿ ತಂದಿರಬಹುದೆಂಬುದೂ ಆಗ ನಮಗೆ ಹೊಳೆಯಲಿಲ್ಲ. ೧೯೯೮ರಲ್ಲಿ ಕರಡಿಯನ್ನು ಆಡಿಸುವುದನ್ನು ಸರಕಾರವು ನಿಷೇಧಿಸಿತು. ೨೦೦೯ರ ಹೊತ್ತಿಗೆ ಕೊನೆಯ ಆಟದ ಕರಡಿಯೂ ಬನ್ನೇರುಘಟ್ಟದ ಆಶ್ರಯವನ್ನು ಸೇರಿತು. ಆಡಿಸುತ್ತಿದ್ದ ಕುಟುಂಬಗಳಿಗೆ ಬೇರೆ ಜೀವನೋಪಾಯವನ್ನು ತೋರಿಸಿದುದರಿಂದಲೇ ಅದು ಸಾಧ್ಯವಾಯಿತೆಂಬುದನ್ನೂ ಮರೆಯಬಾರದು. ಕರಡಿಗಳಿಗೆಂದೇ ಬಳ್ಳಾರಿಯ ಸೀಮೆಯ ದರೋಜಿಯಲ್ಲಿ ೧೯೯೪ರಲ್ಲಿ ಒಂದು ಅಭಯಾರಣ್ಯವು ಏರ್ಪಟ್ಟಿತು.

ಗಾಯಗೊಂಡ ಪ್ರಾಣಿಯನ್ನು ಹಾಗೆಯೇ ಬಿಟ್ಟರೆ ಅದು ಎಲ್ಲಿಯೋ ಹೋಗಿ ಸಾಯುವುದು, ನಮಗೇನು ಎನ್ನುವವರುಂಟು. ಸಾಯದಿದ್ದರೆ? ಹಿಮಾಲಯದ ತಪ್ಪಲಿನ ಚಂಪಾವತದ ಹೆಣ್ಣು ಹುಲಿಯನ್ನು ೧೯೦೭ರಲ್ಲಿ ಜಿಮ್ ಕಾರ್ಬೆಟ್ ಸಾಹೇಬರು ಕೊಂದರು. ಅದು ೪೩೬ ಜನರನ್ನು ಬಲಿ ತೆಗೆದುಕೊಂಡಿತ್ತೆಂದು ಅವರು ಬರೆದಿದ್ದಾರೆ. ಅದರ ಬಾಯಿಯನ್ನು ಪರೀಕ್ಷಿಸಿದಾಗ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದುವು. ಹಿಂದೆ ಯಾರೋ ಹೊಡೆದ ಗುಂಡಿನ ಏಟೇ ಅದಕ್ಕೆ ಕಾರಣವೆಂದೂ, ಸಹಜವಾದ ಬೇಟೆಯನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತೆಂದೂ ಅವರ ಅಭಿಪ್ರಾಯ. ಗುಂಡು ಹೊಡೆದವನು ಯಾರೆಂಬುದು ಜಗತ್ತಿಗೆ ತಿಳಿಯದು. ಪ್ರಾಯಶಃ ಅವನು ತನ್ನ ಗುಂಡಿನ ಫಲವನ್ನು ತಾನೇ ಅರಿಯದೆ ಸುಖವಾಗಿ ಬಾಳಿ ಸತ್ತಿರಬಹುದು.

ಇದು ದೂರದ ಮಾತೆನ್ನುವುದಾದರೆ ನಮ್ಮ ನಾಡಿನದೇ ಒಂದುಂಟು. ಬೆಂಗಳೂರಿನ ಕೆನೆತ್ ಆಂಡರ್ಸನ್ ಸಾಹೇಬರು ೧೯೫೭ರಲ್ಲಿ ಪ್ರಕಟವಾದ ತಮ್ಮ ಪುಸ್ತಕವೊಂದರಲ್ಲಿ ಅರಸೀಕೆರೆಯ ಪೂರ್ವದಿಕ್ಕಿನ ನಾಗವಾರದ ಗುಡ್ಡಗಳ ಕರಡಿಯೊಂದರ ಕಥೆಯನ್ನು ಹೇಳಿದ್ದಾರೆ. ಅವರು ಕೊಡುವ ಲೆಕ್ಕದಂತೆ ಅದು ೧೨ ಜನರನ್ನು ಕೊಂದು, ಎರಡು ಡಜನಿನಷ್ಟು ಜನರ ಮುಖ ಮೈಗಳನ್ನು ಹರಿದುಹಾಕಿತ್ತು. ಬೆದರಿ ಮೇಲೆ ಬಿದ್ದು ಓಡಿಹೋಗಬೇಕಾದ ಪ್ರಾಣಿಯು ಹೀಗೇಕಾಯಿತು? ಮರಿಗಳನ್ನು ಕಳೆದುಕೊಂಡುದರಿಂದ ಎಂದು ಕೆಲವರೂ, ಬೇರೆ ವಿಚಿತ್ರ ಕಾರಣಗಳಿಂದ ಎಂದು ಕೆಲವರೂ ಹೇಳುತ್ತಿದ್ದರು. ಹಿಂದೆ ಮನುಷ್ಯನೊಬ್ಬನಿಂದ ಗಾಯಗೊಂಡಿದ್ದಿರಬೇಕೆಂದು ಆಂಡರ್ಸನ್ನರ ಊಹೆ. ಕೊನೆಗೆ ಅವರೇ ಅದನ್ನು ಕೊಲ್ಲಬೇಕಾಯಿತು. ಒಬ್ಬನು ತೀರಿಸದೆ ಹೋದ ಋಣವನ್ನು ಹನ್ನೆರಡು ಮನೆಗಳು ತೀರಿಸಿದುವು.

ಆದುದರಿಂದಲೇ ಒಳ್ಳೆಯ ಬೇಟೆಗಾರರೆನಿಸಿಕೊಂಡವರ ಮೊದಲನೆಯ ನಿಯಮವು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿದೆ: ಏಟು ತಿಂದುದನ್ನು ಹುಡುಕದೆ ಹಿಂದಿರುಗಬಾರದು. ಅಮೆರಿಕ ಕೆನಡಾಗಳಲ್ಲಿ ಕಪ್ಪು ಕರಡಿಯನ್ನು ಅನುಮತಿ ಪಡೆದು ಬೇಟೆಯಾಡುವುದು ಇಂದಿಗೂ ನ್ಯಾಯಸಮ್ಮತ. ಅಲ್ಲಿಯೂ ವಸಂತದ ಬೇಟೆಯನ್ನು ಕುರಿತು ದೊಡ್ಡ ಚರ್ಚೆಯೇ ನಡೆದಿದೆ. ಮರಿಗಳು ಅನಾಥವಾಗುವುವೆಂಬುದೇ ಅದರ ತಿರುಳು. ಕೊಲರಾಡೊ ಸಂಸ್ಥಾನದ ಮತದಾರರು ೧೯೯೨ರಲ್ಲಿ ವಸಂತದ ಕರಡಿಬೇಟೆಯನ್ನು ಮತದಿಂದಲೇ ನಿಲ್ಲಿಸಿದರು. ಕೆನಡಾದ ಆಂಟೇರಿಯೊ ಪ್ರಾಂತವು ೧೯೯೯ರಲ್ಲಿ ನಿಲ್ಲಿಸಿ, ೨೦೧೪ರಲ್ಲಿ ಪರೀಕ್ಷಾರ್ಥವಾಗಿ ಮತ್ತೆ ಆರಂಭಿಸಿ, ೨೦೨೧ರಲ್ಲಿ ಖಾಯಂ ಮಾಡಿತು. ನಿಲ್ಲಿಸಬೇಕೆನ್ನುವವರೂ ನಡೆಯಲೆನ್ನುವವರೂ ಎರಡು ಪಕ್ಷವಾದರೂ, ಹೊಡೆದ ಪ್ರಾಣಿಯನ್ನು ಹುಡುಕದೆ ಬಿಟ್ಟುಬಂದವನನ್ನು ಯಾವ ಪಕ್ಷದವರೂ ಸಮರ್ಥಿಸುವುದಿಲ್ಲ.

ನಮ್ಮ ದೇಶದ ಕಾನೂನಾದರೋ ಈಗ ಬೇಟೆಯನ್ನೇ ಒಪ್ಪುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಬೇಟೆ ಮತ್ತು ಮೀನುಗಳ ರಕ್ಷಣೆಗೆಂದು ೧೯೦೧ರಲ್ಲಿಯೇ ಒಂದು ರೆಗ್ಯುಲೇಷನ್ ಆಗಿದ್ದಿತು. ಸ್ವತಂತ್ರ ಭಾರತದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ೧೯೯೧ರ ತಿದ್ದುಪಡಿಯಿಂದ ಬೇಟೆಯ ಪರವಾನಗಿಗಳ ಕಾಲವು ಮುಗಿಯಿತು. ಕರಡಿಯು ಇಂದು ಆ ಕಾಯಿದೆಯ ಮೊದಲನೆಯ ಪಟ್ಟಿಯಲ್ಲಿದೆ. ಗೃಹಸ್ಥರು ಗಮನಿಸಬೇಕಾದ ಅಂಶಗಳು ಮೂರು. ಒಂದನೆಯದು: ಬೇಟೆಯೆಂದರೆ ಕೊಲ್ಲುವುದು ಮಾತ್ರವಲ್ಲ, ಉರುಲು ಒಡ್ಡುವುದೂ ಗಾಯಪಡಿಸುವುದೂ ಅವುಗಳ ಪ್ರಯತ್ನವೂ ಬೇಟೆಯೇ. ಮೊದಲನೆಯ ಪಟ್ಟಿಯ ಪ್ರಾಣಿಯ ವಿಷಯದಲ್ಲಿ ಇದಕ್ಕೆ ಮೂರರಿಂದ ಏಳು ವರ್ಷಗಳ ಸೆರೆವಾಸವುಂಟು. ೨೦೨೨ರ ತಿದ್ದುಪಡಿಯಂತೆ ಜುಲ್ಮಾನೆಯು ೨೫,೦೦೦ ರೂಪಾಯಿಗಳಿಗೆ ಕಡಮೆಯಾಗದು. ಎರಡನೆಯದು: ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಒಳ್ಳೆಯ ಉದ್ದೇಶದಿಂದ ಹೊಡೆದುದು ಅಪರಾಧವಲ್ಲ. ಮೂರನೆಯದು: ಬೇಟೆಗೆ ಸಿಕ್ಕಿದ ಕಾಡುಪ್ರಾಣಿಯು ಸರಕಾರದ ಸ್ವತ್ತು, ಅದು ಯಾರ ಕೈಗಾದರೂ ಬಂದಲ್ಲಿ ೪೮ ಗಂಟೆಗಳೊಳಗಾಗಿ ಅಧಿಕಾರಿಗಳಿಗೆ ತಿಳಿಸತಕ್ಕದ್ದು.

ಇಷ್ಟು ಹೇಳಿದ ಮೇಲೆ ಕೆಲವು ಓದುಗರು ನಮ್ಮನ್ನು ಕೇಳಬಹುದು: "ಗೂಡುಗಳನ್ನು ನೀರಿನಲ್ಲಿ ಬೇಯಿಸಿ ನೂಲು ತೆಗೆಯುವ ಸೀಮೆಯಲ್ಲಿ ದಯೆಯ ಮಾತೇ? ಹೊಸತೊಡಕಿನ ದಿನ ಮಾಂಸದಡಿಗೆ ಮಾಡುವ ಮನೆಗಳಿಗೆ ಕರಡಿಯ ಕನಿಕರವೇ?" ಪ್ರಶ್ನೆಯು ನ್ಯಾಯವಾದುದೇ. ಕೊಲ್ಲುವುದು ಸರಿಯೇ ತಪ್ಪೇ ಎಂಬ ದೊಡ್ಡ ವಿಚಾರವನ್ನು ನಾವು ಇಲ್ಲಿ ಎತ್ತಿಕೊಂಡಿಲ್ಲ. ಒಂದೊಂದು ಮನೆಗೂ ಅದರದರ ಆಚಾರವುಂಟು. ನಾವು ಹೇಳುವುದು ಇದಕ್ಕಿಂತ ಚಿಕ್ಕದು, ಎಲ್ಲ ಆಚಾರದವರೂ ಒಪ್ಪತಕ್ಕುದು: ತಾನು ಆರಂಭಿಸಿದ ಕೆಲಸದ ಫಲವನ್ನು ತಾನು ನೋಡಬೇಕು. ಹುಳುಮನೆಯ ಗೃಹಿಣಿಯು ಒಂದು ಚಂದ್ರಿಕೆಯನ್ನೂ ನೋಡದೆ ಬಿಡುವುದಿಲ್ಲ. ಉರುಲನ್ನು ಕಟ್ಟಿದವನೋ ಕತ್ತಲೆಯಲ್ಲಿ ಕಟ್ಟಿ, ಮನೆಗೆ ಬಂದು ನಿದ್ರೆಮಾಡುವನು. ಬೀಳುವುದು ಹಂದಿಯೋ ಕರಡಿಯೋ ನೆರೆಯವನ ಕರುವೋ ಎಂಬುದನ್ನು ತಂತಿಯು ತಾನು ಆರಿಸಿಕೊಳ್ಳಲಾರದು. ಬೇಲಿಯ ತಂತಿಗೆ ವಿದ್ಯುತ್ತನ್ನು ಹರಿಸುವುದೂ, ಹಿಟ್ಟಿನುಂಡೆಯಲ್ಲಿ ಸಿಡಿಮದ್ದನ್ನಿಡುವುದೂ ಇದೇ ಬಗೆಯವು. ಹೊಡೆಯುವವನ ಕಣ್ಣು ಅಲ್ಲಿಲ್ಲ. ಕಣ್ಣಿಲ್ಲದ ಏಟಿಗೆ ಧರ್ಮವಿಲ್ಲ.

ಹಾಗೆಂದು ರೈತನ ನಷ್ಟವು ಸಣ್ಣದೆಂದು ನಾವು ಹೇಳುವವರಲ್ಲ. ಸಾಲ ಮಾಡಿ ಕೊಳವೆಬಾವಿ ತೋಡಿಸಿದವನ ಬೆಳೆಯು ಒಂದು ರಾತ್ರಿಯಲ್ಲಿ ಹೋದರೆ ಅವನ ಹೊಟ್ಟೆಯುರಿಯನ್ನು ಪಟ್ಟಣದವರು ಅರಿಯರು. ಬೆಳೆಹಾನಿಗೂ ಪ್ರಾಣಿಯಿಂದಾದ ಗಾಯಕ್ಕೂ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಅರ್ಜಿ ಕೊಡಬೇಕು, ಹಾಳಾದ ಹೊಲವನ್ನು ಅಧಿಕಾರಿಗಳಿಗೆ ತೋರಿಸಬೇಕು. ಅದು ಬರುವುದು ತಡವಾಗಬಹುದು, ಆದ ನಷ್ಟಕ್ಕೆ ಸಾಲದೆಯೂ ಹೋಗಬಹುದು. ಆದರೂ ಉರುಲಿನ ಮಾರ್ಗವು ನಷ್ಟವನ್ನು ಕಳೆಯುವುದಿಲ್ಲ. ಅದನ್ನು ಸೌದೆಗೆ ಹೋಗುವ ಬಡವಳ ತಲೆಯ ಮೇಲೆ ಹೊರಿಸುತ್ತದೆ ಅಷ್ಟೇ.

ಆ ಸಂಜೆ ಆ ಸೋದರಿಗೆ ನಾವು ಹೇಳಿದುದು ಇದು: "ಅಮ್ಮಾ, ಹಿಂದಿನ ಬೇಟೆಗಾರನು ರಕ್ತದ ಜಾಡನ್ನು ಹಿಡಿದು ತಾನೇ ಹೋಗುತ್ತಿದ್ದನು. ಇಂದು ನಿಮ್ಮ ಮನೆಯವರು ಹಾಗೆ ಹೋಗತಕ್ಕುದಲ್ಲ. ಹೋದರೆ ಇನ್ನೊಂದು ಪ್ರಾಣಕ್ಕೆ ಅಪಾಯ. ತಿಳಿದವರಿಗೆ ತಿಳಿಸುವುದೇ ಈ ಕಾಲದಲ್ಲಿ ಹಿಂಬಾಲಿಸುವುದು. ನೀವು ಮೈದುನನನ್ನು ಹಿಡಿದುಕೊಟ್ಟಂತೆ ಆಗಬಾರದೆಂದು ಅಂಜುತ್ತೀರಿ. ಆದುದರಿಂದ ಅವನೇ ಹೋಗಿ ಹೇಳುವಂತೆ ಮಾಡಿ. ಮನೆಯಲ್ಲಿ ಅವನು ಯಾರ ಮಾತನ್ನು ಮೀರುವುದಿಲ್ಲವೋ ಅವರ ಮುಂದೆ ವಿಷಯವನ್ನಿಡಿ. ನಾಳೆ ಮಧ್ಯಾಹ್ನದೊಳಗೆ ಆಗದಿದ್ದರೆ ನೀವೇ ಇಲಾಖೆಯ ೧೯೨೬ ಎಂಬ ಸಹಾಯವಾಣಿಗೆ ತಿಳಿಸಬೇಕು. ಸೌದೆಗೆ ಹೋಗುವ ಹೆಂಗಸರಿಗೆ ಮಾತ್ರ ಈ ರಾತ್ರಿಯೇ ಹೇಳಿಬಿಡಿ. ಅದಕ್ಕೆ ಯಾರ ಅಪ್ಪಣೆಯೂ ಬೇಡ." ಮೊಕದ್ದಮೆಯಾಗುವ ಸಂಭವವನ್ನು ನಾವು ಮುಚ್ಚಿಡಲಿಲ್ಲ. ಆಕೆ ಸ್ವಲ್ಪ ಹೊತ್ತು ಮೌನವಾಗಿದ್ದು, "ಮಾವನವರಿಗೆ ಹೇಳುತ್ತೇನೆ" ಎಂದರು.

ಯುಗಾದಿಯ ಬಳಿಕ ಅವರ ಎರಡನೆಯ ಪತ್ರವು ಬಂದಿತು. ಮಾವನವರಿಗೆ ಎಪ್ಪತ್ತೆಂಟು ವರ್ಷ. ಹರೆಯದಲ್ಲಿ ಯುಗಾದಿಯ ಬೇಟೆಗೆ ಹೋಗುತ್ತಿದ್ದವರು. ಸೊಸೆಯ ಮಾತನ್ನು ಪೂರ್ತಿ ಕೇಳಿದರಂತೆ. ಚಿಕ್ಕ ಮಗನನ್ನು ಕರೆದು ಬೈಯಲಿಲ್ಲವಂತೆ. "ನಮ್ಮಪ್ಪನ ಕಾಲದಲ್ಲಿ ಏಟು ತಿಂದ ಪ್ರಾಣೀನ ಬಿಟ್ಟು ಬಂದೋನಿಗೆ ಅವತ್ತು ಮನೇಲಿ ಎಲೆ ಹಾಕ್ತಿರಲಿಲ್ಲ ಕಣಪ್ಪ. ನಡಿ, ನಾನೂ ಬರ್ತೀನಿ" ಎಂದು ಕೋಲನ್ನು ಕೈಗೆ ತೆಗೆದುಕೊಂಡರಂತೆ. ತಂದೆಮಕ್ಕಳಿಬ್ಬರೂ ಬೆಳಗ್ಗೆ ಹೋಗಿ ಅರಣ್ಯದವರ ಮುಂದೆ ಇದ್ದುದನ್ನು ಇದ್ದಂತೆ ಹೇಳಿದರು.

ಎರಡು ದಿನ ಹುಡುಕಿದರು. ಮೂರನೆಯ ದಿನ ಬಂಡೆಗಳ ನಡುವೆ ಕರಡಿ ಸಿಕ್ಕಿತು. ಪಶುವೈದ್ಯರು ಅರಿವಳಿಕೆಯ ಮದ್ದು ಕೊಟ್ಟು ತಂತಿಯನ್ನು ಕತ್ತರಿಸಿ ತೆಗೆದರು. ಅದು ಮುಂಗಾಲಿನ ಮಾಂಸವನ್ನು ಹೊಕ್ಕು ಎಲುಬನ್ನು ಮುಟ್ಟಿತ್ತು. ಎರಡು ಬೆರಳುಗಳು ಉಳಿಯಲಿಲ್ಲ. ಮರಿಯೊಂದು ತಾಯಿಯ ಬೆನ್ನನ್ನು ಬಿಡಲೊಲ್ಲದೆ ಹಿಡಿದುಕೊಂಡಿತ್ತು. ಎರಡನ್ನೂ ಒಟ್ಟಿಗೆ ಚಿಕಿತ್ಸೆಗೆ ಸಾಗಿಸಿದರು. ಮತ್ತೆ ಗುಡ್ಡಕ್ಕೆ ಹಿಂದಿರುಗುವಷ್ಟು ಆ ಕಾಲು ಬಲಗೊಳ್ಳುವುದೇ ಇಲ್ಲವೇ ಎಂಬುದು ಪತ್ರ ಬರೆಯುವ ದಿನಕ್ಕೆ ನಿಶ್ಚಯವಾಗಿರಲಿಲ್ಲ.

ಎಲ್ಲವೂ ಸುಖವಾಗಿ ಮುಗಿಯಿತೆಂದು ನಾವು ಬರೆಯಲಾರೆವು. ಮೈದುನನ ಮೇಲೆ ಮೊಕದ್ದಮೆಯಾಗಿದೆ. ಜಾಮೀನು ದೊರೆಯಲು ಕೆಲವು ದಿನಗಳಾದುವು. ವಕೀಲರಿಗೆ ಹಣ ಹೊಂದಿಸಲು ಆ ಬೆಳೆಯ ಗೂಡಿನ ಹಣದಲ್ಲಿ ಬಹುಭಾಗವು ಹೋಯಿತು. ತಾನೇ ಬಂದು ಒಪ್ಪಿಕೊಂಡುದನ್ನು ನ್ಯಾಯಾಲಯವು ಹೇಗೆ ಪರಿಗಣಿಸುವುದೋ ಕಾದು ನೋಡಬೇಕು. ಊರಿನಲ್ಲಿ ಕೆಲವರು ನಕ್ಕರು. ಯಜಮಾನರು ಎಂಟು ದಿನ ಹೆಂಡತಿಯೊಡನೆ ಮಾತನಾಡಲಿಲ್ಲ. ಒಂಬತ್ತನೆಯ ದಿನ ಮುಂಜಾನೆ ಅವರೇ ಹೊಲಕ್ಕೆ ಹೋಗಿ, ಬೇಲಿಯಲ್ಲಿ ಉಳಿದಿದ್ದ ಏಳು ಉರುಲುಗಳನ್ನು ಬಿಚ್ಚಿ ತಂದು ಜಗಲಿಯ ಮೇಲೆ ಹಾಕಿ, "ಇವಿಷ್ಟೇ ಇದ್ದದ್ದು" ಎಂದರಂತೆ. ಆಕೆ ಒಂದೇ ವಾಕ್ಯದಲ್ಲಿ ಪತ್ರವನ್ನು ಮುಗಿಸಿದ್ದಾರೆ: "ಸೌದೆಗೆ ಹೋದವರೆಲ್ಲ ಆ ವಾರ ಮನೆಗೆ ಬಂದರು, ಅಷ್ಟು ಸಾಕು."

ಅಷ್ಟು ಸಾಕೆಂದು ನಾವೂ ತಿಳಿಯುತ್ತೇವೆ. ಗುಡ್ಡದಂಚಿನಲ್ಲಿ ಮನೆ ಹೊಲಗಳುಳ್ಳ ಓದುಗರಿಗೆ ನಮ್ಮ ಸಲಹೆಯಿಷ್ಟು. ಬೆಳಗಿನ ಜಾವದಲ್ಲಿಯೂ ಮುಸ್ಸಂಜೆಯ ಬಳಿಕವೂ ಒಂಟಿಯಾಗಿ ಪೊದೆಗಳ ನಡುವೆ ಹೋಗಬಾರದು. ಹೋಗಲೇಬೇಕಾದರೆ ಇಬ್ಬರು ಮೂವರಾಗಿ, ಗಟ್ಟಿಯಾಗಿ ಮಾತನಾಡುತ್ತ, ಕೈಯಲ್ಲಿ ಬೆಳಕನ್ನು ಹಿಡಿದು ಹೋಗಬೇಕು. ಮುಂಚಿತವಾಗಿ ಸದ್ದು ಕೇಳಿದರೆ ಕರಡಿಯು ಬಹುಮಟ್ಟಿಗೆ ತಾನಾಗಿಯೇ ದಾರಿ ಬಿಡುತ್ತದೆ. ಮರಿಯು ಒಂಟಿಯಾಗಿ ಕಂಡರೆ ಮುದ್ದಿಗೆಂದು ಎತ್ತಿಕೊಳ್ಳಬಾರದು, ತಾಯಿಯು ದೂರವಿರುವುದಿಲ್ಲ. ಸಿಕ್ಕಿಬಿದ್ದ ಪ್ರಾಣಿಯ ಸುತ್ತ ಗುಂಪುಗೂಡಿ ಕಲ್ಲೆಸೆಯುವುದನ್ನೂ, ಚಿತ್ರ ತೆಗೆಯಲು ನೂಕಾಡುವುದನ್ನೂ ಹಿರಿಯರು ನಿಂತು ತಡೆಯಬೇಕು. ಇವೆಲ್ಲಕ್ಕೂ ಮೊದಲು, ನಮ್ಮ ಬೇಲಿಯಲ್ಲಿ ಏನೇನಿದೆಯೆಂಬುದನ್ನು ಮನೆಯ ಗಂಡಸರನ್ನು ಗೃಹಿಣಿಯರು ಒಮ್ಮೆ ಕೇಳಿ ತಿಳಿದುಕೊಳ್ಳಲಿ. ಅದು ಹೆಂಗಸರು ಕೈಹಾಕುವ ವಿಷಯವೇ ಸರಿ. ಏಕೆಂದರೆ ಸೌದೆಗೂ ನೀರಿಗೂ ಆ ಬೇಲಿಯಾಚೆಗೆ ಮೊದಲು ಹೋಗುವವರು ಅವರು.

ಈ ವಿಷಯದಲ್ಲಿ ಸ್ವಂತ ಅನುಭವವುಳ್ಳ ಓದುಗರು ನಮಗೆ ಬರೆದರೆ, ಹೆಸರುಗಳನ್ನು ಗುಪ್ತವಾಗಿಟ್ಟು, ಮುಂದಿನ ತಿಂಗಳುಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು.